ಬ್ಲೂಸ್ ಸಂಗೀತದಲ್ಲಿ ಹರ್ಷ

ಬ್ಲೂಸ್ ಎಂದರೆ ಕರುಣರಸವೇ ಎಂಬ ಭಾವನೆ ಅಮೆರಿಕದ ಸಂಗೀತವನ್ನು ಕುರಿತು ಬರೆಯುವವರಲ್ಲಿ ಬೇರೂರಿದೆ. ಹೆಸರೇ ಇದಕ್ಕೆ ಕಾರಣ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಖಿನ್ನತೆಯೆಂಬ ಅರ್ಥವುಂಟು. ಗುಲಾಮಗಿರಿಯ ಚರಿತ್ರೆ ಹಿನ್ನೆಲೆಯಲ್ಲಿರುವಾಗ ಆ ಅರ್ಥವೇ ಸಾಕೆನಿಸುವುದೂ ಸಹಜ. ಆದರೆ ಶನಿವಾರದ ರಾತ್ರಿ ಈ ಸಂಗೀತಕ್ಕೆ ಕುಣಿಯಲು ನೆರೆದ ಕರಿಯ ಜನರು ಅಳುವುದಕ್ಕಾಗಿ ಬಂದವರಲ್ಲ. ಆಲ್ಬರ್ಟ್ ಮರ್ರೇ 1976ರ ತನ್ನ ‘ಸ್ಟಾಂಪಿಂಗ್ ದಿ ಬ್ಲೂಸ್’ ಗ್ರಂಥದಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದನು. ಬ್ಲೂಸ್ ಎಂಬ ಮನೋವ್ಯಥೆ ಬೇರೆ, ಬ್ಲೂಸ್ ಎಂಬ ಸಂಗೀತ ಬೇರೆ. ಎರಡನೆಯದಿರುವುದು ಮೊದಲನೆಯದನ್ನು ಓಡಿಸುವುದಕ್ಕೆ.

ರಚನೆಯ ದೃಷ್ಟಿಯಿಂದ ಬ್ಲೂಸ್ ಒಂದು ಪಾತ್ರೆ. ನಾಲ್ಕು ಮಾತ್ರೆಗಳ ಹನ್ನೆರಡು ಆವರ್ತಗಳು ಕೂಡಿ ಒಂದು ಸುತ್ತು. ಹಾಡಾದರೆ ಅದರಲ್ಲಿ ಸಾಮಾನ್ಯವಾಗಿ ಮೂರು ಸಾಲು. ಮೊದಲನೆಯದನ್ನೇ ಮರಳಿ ಹಾಡಿ, ಮೂರನೆಯದರಲ್ಲಿ ಉತ್ತರ ಕೊಡುವುದು ರೂಢಿ. ತೌರಿನ ಹಿಗ್ಗನ್ನೂ ಅತ್ತೆಮನೆಯ ಅಳಲನ್ನೂ ತ್ರಿಪದಿಯೊಂದರಲ್ಲೇ ಹಾಡಿದ ಬೀಸುವ ಪದಗಳನ್ನು ಬಲ್ಲವರಿಗೆ, ಛಂದಸ್ಸು ಒಂದೇ ರಸಕ್ಕೆ ಕಟ್ಟುಬಿದ್ದುದಲ್ಲವೆಂದು ವಿವರಿಸಬೇಕಾಗಿಲ್ಲ. ಸ್ವರಗಳಲ್ಲಂತೂ ಬೆರಕೆ ಇನ್ನೂ ಸೂಕ್ಷ್ಮ. ಹಿಂದೂಸ್ತಾನಿ ಪರಿಭಾಷೆಯಲ್ಲಿ ಹೇಳುವುದಾದರೆ, ಪಕ್ಕವಾದ್ಯಗಳು ಶುದ್ಧ ಗಾಂಧಾರವನ್ನು ನುಡಿಸುತ್ತಿರುವಾಗಲೇ ಗಾಯಕನು ಕೋಮಲ ಗಾಂಧಾರವನ್ನು ಹಿಡಿಯುತ್ತಾನೆ, ಇಲ್ಲವೆ ಎರಡರ ನಡುವೆ ಜಾರುತ್ತಾನೆ. ಹರ್ಷವಿಷಾದಗಳು ಏಕಕಾಲದಲ್ಲಿ ಕೇಳಿಬರುವುದು ಈ ಘರ್ಷಣೆಯಿಂದ. ಯಾವುದು ಮೇಲುಗೈ ಎಂಬುದನ್ನು ಬಹುಮಟ್ಟಿಗೆ ಲಯವೇ ನಿರ್ಣಯಿಸುತ್ತದೆ. ಡ್ಯೂಕ್ ಎಲಿಂಗ್ಟನ್ನನ ‘ಸಿ ಜಾಮ್ ಬ್ಲೂಸ್’ ಕೃತಿಯ ಪಲ್ಲವಿಯಲ್ಲಿರುವುದು ಎರಡೇ ಸ್ವರ; ಅದರ ಉಲ್ಲಾಸವೆಲ್ಲ ಆ ಸ್ವರಗಳನ್ನು ಯಾವ ಕ್ಷಣದಲ್ಲಿ ಇಟ್ಟನೆಂಬುದರಲ್ಲಿದೆ.

ಲೂಯಿ ಆರ್ಮ್‌ಸ್ಟ್ರಾಂಗ್ 1927ರ ಮೇ ತಿಂಗಳಲ್ಲಿ ಷಿಕಾಗೋದಲ್ಲಿ ಧ್ವನಿಮುದ್ರಿಸಿದ ‘ಪೊಟೇಟೊ ಹೆಡ್ ಬ್ಲೂಸ್’ ಲಕ್ಷಣದ ಪ್ರಕಾರ ಬ್ಲೂಸೇ ಅಲ್ಲ. ಅದರ ಸುತ್ತು 32 ಆವರ್ತಗಳದು. ಆದರೂ ಅದರ ನುಡಿಗಟ್ಟು ಬ್ಲೂಸಿನದೇ. ಒಂದು ಘಟ್ಟದಲ್ಲಿ ವಾದ್ಯಮೇಳವೆಲ್ಲ ಎರಡೆರಡು ಆವರ್ತಗಳಿಗೊಮ್ಮೆ ಒಂದೇ ಪೆಟ್ಟು ಹಾಕಿ ಸುಮ್ಮನಾಗುತ್ತದೆ. ಉಳಿದ ಏಳು ಮಾತ್ರೆಗಳ ಕಾಲ ಅವನ ತುತ್ತೂರಿಗೆ ಯಾವ ಆಧಾರವೂ ಇಲ್ಲ. ಹೀಗೆ ಒಂದು ಸುತ್ತು ಪೂರ್ತಿ ಅವನು ಕಾಲವನ್ನು ತನ್ನೊಳಗೇ ಹೊತ್ತು ನಡೆಯುತ್ತಾನೆ. ತಡೆದು, ಮುನ್ನುಗ್ಗಿ, ಎಡವಿದಂತೆ ತೋರಿಸಿ, ಎಡವದೆ ದಾಟುತ್ತಾನೆ. ಕೇಳುಗನಿಗೆ ಆಗುವ ಆನಂದ ಈ ದಾಟುವಿಕೆಯದು. ಇದನ್ನು ಮುಗ್ಧ ಸಂತೋಷವೆಂದು ಕರೆಯುವುದು ವಿಮರ್ಶೆಯಲ್ಲ, ಉದಾಸೀನ.

ಇದಕ್ಕಿಂತ ಕಟುವಾದ ಆಕ್ಷೇಪವೊಂದುಂಟು: ವೇದಿಕೆಯ ಮೇಲಿನ ಅವನ ಅಗಲವಾದ ನಗೆ ಬಿಳಿಯರನ್ನು ಓಲೈಸುವುದಕ್ಕಾಗಿ ಎಂಬುದು. ಹೀಗೆಂದು ಟೀಕಿಸಿದವರಲ್ಲಿ ಡಿಜ್ಜಿ ಗಿಲೆಸ್ಪಿಯೂ ಒಬ್ಬನು. ಆದರೆ 1957ರಲ್ಲಿ ಲಿಟ್ಲ್ ರಾಕ್ ನಗರದ ಶಾಲೆಗೆ ಕರಿಯ ಮಕ್ಕಳ ಪ್ರವೇಶವನ್ನು ಅಲ್ಲಿನ ರಾಜ್ಯಪಾಲನು ತಡೆದಾಗ, ಅಧ್ಯಕ್ಷ ಐಸೆನ್‌ಹೋವರನನ್ನೇ ಬಹಿರಂಗವಾಗಿ ಖಂಡಿಸಿ, ಸರಕಾರದ ಪರವಾಗಿ ರಷ್ಯಾಕ್ಕೆ ಹೋಗಲು ಒಪ್ಪದಿದ್ದವನು ಈ ನಗುವ ಮನುಷ್ಯನೇ. ಗಿಲೆಸ್ಪಿ 1979ರ ಆತ್ಮಕಥೆಯಲ್ಲಿ ತನ್ನ ಹಳೆಯ ತೀರ್ಪನ್ನು ಹಿಂತೆಗೆದುಕೊಂಡನು. ಜನಾಂಗದ್ವೇಷದ ಮೇಲಿನ ಸಿಟ್ಟಿಗೂ ತನ್ನ ಸಂತೋಷವನ್ನು ಬಿಟ್ಟುಕೊಡೆನೆಂಬ ಹಟ ಆ ನಗೆಯಲ್ಲಿತ್ತೆಂದು ಅವನಿಗೆ ತಡವಾಗಿ ತಿಳಿಯಿತು.

ಹಾಗೆಂದು ಹರ್ಷದ ಹೆಸರಿನಲ್ಲಿ ಬಂದುದನ್ನೆಲ್ಲ ಮೆಚ್ಚಬೇಕಾಗಿಲ್ಲ. ಗ್ಲೆನ್ ಮಿಲ್ಲರನ ಮೇಳ 1939ರಲ್ಲಿ ಮುದ್ರಿಸಿದ ‘ಇನ್ ದಿ ಮೂಡ್’ ಗೀತದ ಮುಖ್ಯಭಾಗವೂ ಬ್ಲೂಸಿನ ಹನ್ನೆರಡು ಆವರ್ತಗಳ ಮೇಲೆಯೇ ನಿಂತಿದೆ. ಅದು ನಯವಾಗಿದೆ, ಕಾಲು ಕುಣಿಸುತ್ತದೆ, ಆದರೆ ಅಲ್ಲಿ ಯಾರೂ ಬೀಳುವ ಭಯವಿಲ್ಲ. ಅದಕ್ಕೆ ಎರಡು ವರ್ಷ ಮೊದಲು ಕೌಂಟ್ ಬೇಸಿಯ ಮೇಳ ಅದೇ ಚೌಕಟ್ಟಿನಲ್ಲಿ ‘ಒನ್ ಒಕ್ಲಾಕ್ ಜಂಪ್’ ನುಡಿಸಿತು. ಅದರಲ್ಲಿ ಒಬ್ಬೊಬ್ಬ ವಾದಕನೂ ತನ್ನ ಸರದಿಯ ಸುತ್ತಿನಲ್ಲಿ ತನ್ನ ಮಾತನ್ನು ಆಡಿ ಸರಿಯುತ್ತಾನೆ. ಜನ ಗುನುಗುವ ಆ ಪಲ್ಲವಿ, ಎಲ್ಲರೂ ಆಡಿ ಮುಗಿದ ಮೇಲೆ, ಕಡೆಗಷ್ಟೆ ಬರುತ್ತದೆ.