ಕಂಬಗಳಿಗೂ ಮೊದಲಿನ ಮನೆ

ನ್ಯೂ ಆರ್ಲಿಯನ್ಸ್‌ನಿಂದ ಮಿಸಿಸಿಪಿ ಹೊಳೆಯ ಮೇಲ್ದಂಡೆಯಲ್ಲಿರುವ ಡೆಸ್ಟ್ರೆಹಾನ್ ತೋಟದ ಮನೆಗೆ 1787ರ ಜನವರಿಯ ಒಂದು ಫ್ರೆಂಚ್ ಕರಾರುಪತ್ರವೇ ಜಾತಕ. ಕಟ್ಟಿಸಿದವನು ಜಮೀನ್ದಾರ ರೊಬ್ಯಾಂ ದ ಲೋನಿ. ಕಟ್ಟಿದವನು ಶಾರ್ಲ್ ಪಾಕೆ, ಸ್ವತಂತ್ರನಾಗಿದ್ದ ಮಿಶ್ರವರ್ಣದ ಬಡಗಿ. ಪತ್ರದಲ್ಲಿ ಕಾಣಿಸಿದ ಮಜೂರಿ: ಒಬ್ಬ ಗುಲಾಮ, ಕರುವಿನ ಸಮೇತ ಒಂದು ಹಸು, 50 ಅಳತೆ ಭತ್ತ, 50 ಅಳತೆ ಸಿಪ್ಪೆ ಸುಲಿಯದ ಮುಸುಕಿನ ಜೋಳ, ಕೆಲಸ ಮುಗಿದ ಮೇಲೆ 100 ಪಿಯಾಸ್ಟರ್ ನಗದು. ಹಸು, ಕರು, ಭತ್ತದ ಸಾಲಿನಲ್ಲೇ ಮನುಷ್ಯನೂ ಬರುತ್ತಾನೆ. ಬರೆದವನ ಲೇಖನಿ ತಡವರಿಸಿಲ್ಲ.

1790ರಲ್ಲಿ ಮುಗಿದ ಮನೆ ಹವೆಗೆ ತಕ್ಕ ಕಟ್ಟಡ. ನೆಲದಂತಸ್ತು ಇಟ್ಟಿಗೆಯದು, ಸಾಮಾನಿಗೆ, ವಾಸವೆಲ್ಲ ಮೇಲೆ. ಹೊಳೆ ಉಕ್ಕುವ ಸೀಮೆಯಲ್ಲಿ ಅದೇ ಜಾಣತನ. ಒಳಗೆ ನಡುಪಡಸಾಲೆ ಇಲ್ಲ, ಕೋಣೆಯಿಂದ ಕೋಣೆಗೇ ಬಾಗಿಲು. ಹೊರಬಾಗಿಲುಗಳು ಅಗಲವಾದ ಜಗಲಿಗೆ ತೆರೆದು ಗಾಳಿಯನ್ನು ಒಳಗೆ ಎಳೆಯುತ್ತವೆ. ಕಡಿದಾದ ಮಾಡು ಜಗಲಿಯ ಮೇಲೂ ಇಳಿದು ಬಿಸಿಲು ಮಳೆ ಎರಡನ್ನೂ ತಡೆಯುತ್ತದೆ. ಗೋಡೆಯೇ ಇದರ ಸೊಗಸು. ಸೈಪ್ರೆಸ್ ಮರದ ಚೌಕಟ್ಟಿನ ನಡುವೆ ಬೂಸಿಯಾಜ್, ಅಂದರೆ ಜೇಡಿಮಣ್ಣಿಗೆ 'ಸ್ಪ್ಯಾನಿಷ್ ಮಾಸ್' ನಾರು ಕಲಸಿ ಒತ್ತಿದ ಮೆತ್ತಿಗೆ. ಓಕ್ ಮರಗಳಿಂದ ಜೋಲುವ ಈ ಗಿಡ ಸ್ಪೇನಿನದೂ ಅಲ್ಲ, ಪಾಚಿಯೂ ಅಲ್ಲ, ಅನಾನಸಿನ ಬಳಗ. ಕೊಳೆಸಿ ಮೇಲ್ಸಿಪ್ಪೆ ಕಳೆದರೆ ಕರಿಕೂದಲಿನಂಥ ನಾರು ಉಳಿಯುತ್ತದೆ.

ಚಿತ್ರಪುಸ್ತಕಗಳಿಗೆ ಇದಾವುದೂ ಬೇಡ, ದಪ್ಪ ಬಿಳಿ ಕಂಬ ಸಾಕು. 1939ರ 'ಗಾನ್ ವಿತ್ ದ ವಿಂಡ್' ಸಿನಿಮಾ ಆ ಹುಚ್ಚಿಗೆ ಇನ್ನಷ್ಟು ತುಪ್ಪ ಸುರಿಯಿತು. ಇಲ್ಲಿನ ಕಂಬಗಳಾದರೋ 1840ರ ಸುಮಾರಿನ ಗ್ರೀಕ್ ಶೋಕಿ: ಇಟ್ಟಿಗೆಗೆ ಗಾರೆ ಬಳಿದು, ಮೊದಲಿದ್ದ ತೆಳು ಮರಗಂಬಗಳ ಜಾಗದಲ್ಲಿ ನಿಲ್ಲಿಸಿದವು. ಅವಿಲ್ಲದೆಯೂ ಮನೆ ಅರ್ಧ ಶತಮಾನ ಚೆನ್ನಾಗಿಯೇ ಇತ್ತು.

ಲೋನಿಯ ಅಳಿಯ ಜಾನ್ ನೊಯೆಲ್ ಡೆಸ್ಟ್ರೆಹಾನನಿಂದ ಮನೆಗೆ ಈಗಿನ ಹೆಸರು ಬಂತು. ನೀಲಿಬೆಳೆಯ ತೋಟ ಕಬ್ಬಿನದಾಯಿತು. 1811ರ ಜನವರಿಯ ಗುಲಾಮರ ದಂಗೆಯ ನಂತರ ಸೆರೆಸಿಕ್ಕವರ ವಿಚಾರಣೆ ಈ ತೋಟದಲ್ಲೇ ನಡೆಯಿತು. ತೀರ್ಪು ಹೇಳಿದ ಜಮೀನ್ದಾರರಲ್ಲಿ ಡೆಸ್ಟ್ರೆಹಾನನೂ ಒಬ್ಬ. ಅಮೆರಿಕದ ಅಂತರ್ಯುದ್ಧ ಮುಗಿಯುವ ಹೊತ್ತಿಗೆ ಬಿಡುಗಡೆಯಾದ ಗುಲಾಮರ ವಸತಿ ಇಲ್ಲಿತ್ತು, 1866ರಲ್ಲಿ ಜಮೀನು ಯುದ್ಧಕ್ಕೆ ಮುಂಚಿನ ಒಡೆಯನಿಗೇ ಮರಳಿತು. 1914ರಿಂದ ತೈಲ ಕಂಪನಿಗಳ ಕಾಲ. ಅವುಗಳ ತೈಲ ಸಂಸ್ಕರಣಾಗಾರ ಮುಚ್ಚಿದ ಮೇಲೆ ಪಾಳುಬಿದ್ದ ಮನೆಯ ಗೋಡೆಗಳನ್ನು ಕಡಲ್ಗಳ್ಳ ಲಫೀಟನ ನಿಧಿಯ ಆಸೆಗೆ ಜನ ಅಗೆದರು. 1971ರಲ್ಲಿ ಅದು ರಿವರ್ ರೋಡ್ ಹಿಸ್ಟಾರಿಕಲ್ ಸೊಸೈಟಿಯ ಕೈಸೇರಿತು. ದುರಸ್ತಿಯಾದ ಮನೆಯಲ್ಲಿ ಒಂದೆಡೆ ಗಾರೆ ಮುಚ್ಚದೆ ಗೋಡೆಯ ಒಡಲನ್ನು ತೆರೆದೇ ಬಿಟ್ಟಿದ್ದಾರೆ. ಕಂಬದ ಮುಂದೆ ಫೋಟೊ ತೆಗೆಸಿಕೊಂಡವರು ದಯವಿಟ್ಟು ಅಲ್ಲಿಗೂ ಹೋಗಿಬರಬೇಕು.