ಇಬ್ಬರು ಕೈದಿಗಳ ಕತೆ ಮತ್ತು ಲೆಕ್ಕಾಚಾರದ ಯಂತ್ರ

ಅರ್ಥಶಾಸ್ತ್ರದವರು, ರಾಜ್ಯಶಾಸ್ತ್ರದವರು, ಈಗ ಕಂಪ್ಯೂಟರ್ ವಿಜ್ಞಾನದವರು, ಎಲ್ಲರೂ ತಪ್ಪದೆ ಓದುವ ಒಂದು ಪುಟ್ಟ ಕತೆಯಿದೆ. ಅದನ್ನು ಕತೆಯೆಂದು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಗಣಿತದ ಪಾಠಕ್ಕೊಂದು ಉದಾಹರಣೆ ಎಂದು ಪುಟ ತಿರುವುತ್ತಾರೆ. ಕತೆ ಬರೆಯುವುದನ್ನೇ ಕಸುಬಾಗಿಸಿಕೊಂಡ ನಮಗೆ ಹಾಗೆ ದಾಟಿಹೋಗಲು ಮನಸ್ಸಾಗುವುದಿಲ್ಲ. ಆ ಕತೆಯ ಪಾತ್ರಗಳು ಪುಸ್ತಕದಿಂದ ಎದ್ದುಬಂದು ಇಂದು ಯಂತ್ರಗಳೊಳಗೆ ಮನೆ ಮಾಡಿಕೊಂಡಿವೆ.

ಕತೆ ಬರೆದವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗಣಿತಜ್ಞ ಆಲ್ಬರ್ಟ್ ಟಕರ್. 1950ರಲ್ಲಿ ಸ್ಟ್ಯಾನ್‌ಫರ್ಡಿನ ಮನಶ್ಶಾಸ್ತ್ರಜ್ಞರಿಗೆ ಆಟದ ಸಿದ್ಧಾಂತ, ಅಂದರೆ ಗೇಮ್ ಥಿಯರಿ, ಎಂದರೇನೆಂದು ತಿಳಿಸಬೇಕಾಗಿ ಬಂದಾಗ ಅವರು ಇದನ್ನು ಹೆಣೆದರು. ಇಬ್ಬರು ಆರೋಪಿಗಳನ್ನು ಪೊಲೀಸರು ಬೇರೆಬೇರೆ ಕೋಣೆಗಳಲ್ಲಿ ಕೂಡಿಹಾಕಿದ್ದಾರೆ. ಒಬ್ಬ ಒಪ್ಪಿಕೊಂಡು ಇನ್ನೊಬ್ಬ ಬಾಯಿ ಬಿಡದಿದ್ದರೆ ಒಪ್ಪಿಕೊಂಡವನಿಗೆ ಬಹುಮಾನ, ಸುಮ್ಮನಿದ್ದವನಿಗೆ ಎರಡರಷ್ಟು ದಂಡ. ಇಬ್ಬರೂ ಒಪ್ಪಿಕೊಂಡರೆ ಇಬ್ಬರಿಗೂ ಒಂದೊಂದು ದಂಡ. ಇಬ್ಬರೂ ಸುಮ್ಮನಿದ್ದರೆ ಇಬ್ಬರೂ ಪಾರು. ಜೈಲುವಾಸದ ವರ್ಷಗಳ ಲೆಕ್ಕ ಆಮೇಲೆ ಸೇರಿದ್ದು. ಗಣಿತ ಹೇಳುವುದಿಷ್ಟು: ಎದುರಿನವನು ಏನೇ ಮಾಡಲಿ, ಒಪ್ಪಿಕೊಳ್ಳುವುದೇ ನಿನಗೆ ಲಾಭ. ಆದ್ದರಿಂದ ಇಬ್ಬರೂ ಒಪ್ಪಿಕೊಳ್ಳುತ್ತಾರೆ, ಇಬ್ಬರೂ ದಂಡ ತೆರುತ್ತಾರೆ. ಇದಕ್ಕೆ ‘ಕೈದಿಯ ಇಕ್ಕಟ್ಟು’ ಎಂದು ಹೆಸರು.

ಇದನ್ನು ಕತೆಯಾಗಿ ಓದಿ ನೋಡೋಣ. ಪಾತ್ರಗಳಿಗೆ ಹೆಸರಿಲ್ಲ, ಊರಿಲ್ಲ. ಹೊರಗೆ ಕಾಯುವ ಹೆಂಡತಿಯಾಗಲಿ ತಾಯಿಯಾಗಲಿ ಇಲ್ಲ. ವಕೀಲನಿಲ್ಲ. ಇಬ್ಬರೂ ಹಿಂದೆಂದೋ ಒಂದೇ ತಟ್ಟೆಯಲ್ಲಿ ಉಂಡಿದ್ದರೆ ಅದರ ಸುದ್ದಿಯಿಲ್ಲ. ನಾಳೆ ಒಂದೇ ಬೀದಿಯಲ್ಲಿ ಎದುರಾದಾಗ ಮುಖ ಹೇಗೆ ತೋರಿಸುತ್ತಾರೆಂಬ ಚಿಂತೆಯೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಗೈರುಹಾಜರಿ ಒಂದಿದೆ. ಇವರಿಬ್ಬರು ನಿಜಕ್ಕೂ ಅಪರಾಧ ಮಾಡಿದ್ದಾರೆಯೇ ಎಂದು ಕತೆಯಲ್ಲಿ ಯಾರೂ ಕೇಳುವುದಿಲ್ಲ. ಕೋಷ್ಟಕದಲ್ಲಿ ನಾಲ್ಕು ಮನೆಗಳಿವೆ, ಆ ಪ್ರಶ್ನೆಗೆ ಒಂದು ಮನೆಯೂ ಇಲ್ಲ.

ನಮ್ಮ ದೇಶದ ಓದುಗರಿಗೆ ಇದು ಸಣ್ಣ ಲೋಪವಾಗಿ ಕಾಣಲಾರದು. 2002ರ ಅಕ್ಷರಧಾಮ ದಾಳಿಯ ಪ್ರಕರಣದಲ್ಲಿ ಪೋಟಾ ಕಾಯ್ದೆಯಡಿ ಪೊಲೀಸರ ಮುಂದೆ ದಾಖಲಾದ ತಪ್ಪೊಪ್ಪಿಗೆಗಳನ್ನು ನೆಚ್ಚಿ ಆರು ಮಂದಿಗೆ ಶಿಕ್ಷೆಯಾಯಿತು, ಮೂವರಿಗೆ ಗಲ್ಲು. ಸುಪ್ರೀಂ ಕೋರ್ಟು ಆ ತಪ್ಪೊಪ್ಪಿಗೆಗಳನ್ನು ನಂಬಲಾಗದೆಂದು ತಳ್ಳಿಹಾಕಿ ಆರೂ ಮಂದಿಯನ್ನು ಖುಲಾಸೆಗೊಳಿಸಿದ್ದು 2014ರ ಮೇ ತಿಂಗಳಲ್ಲಿ. ಟಕರ್ ಅವರ ಕೋಷ್ಟಕದಲ್ಲಿ ಈ ಆರು ಮಂದಿಯನ್ನು ಎಲ್ಲಿ ಕೂರಿಸುವುದು? ‘ಒಪ್ಪಿಕೊಂಡರು’ ಎಂಬ ಮನೆಯಲ್ಲಿಯೇ?

ಟಕರ್ ಕೆಟ್ಟ ಕತೆಗಾರರೆಂದು ನಾವು ಹೇಳುತ್ತಿಲ್ಲ. ಅವರಿಗೆ ಬೇಕಾದದ್ದು ಒಂದು ಚೌಕಟ್ಟು, ಅದನ್ನು ಚೆನ್ನಾಗಿಯೇ ಕಟ್ಟಿದರು. ಆದರೆ ಈ ಕತೆಗೂ ಮುಂಚೆ ನಡೆದ ಒಂದು ನಿಜ ಪ್ರಸಂಗವಿದೆ. ಅದನ್ನು ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ರ‍್ಯಾಂಡ್ ಎಂಬ ಸಂಸ್ಥೆ. ಅಮೆರಿಕದ ವಾಯುಪಡೆಗಾಗಿ ಅಣುಯುದ್ಧದ ಲೆಕ್ಕ ಹಾಕುತ್ತಿದ್ದ ಸಂಸ್ಥೆ ಅದು. ಆಟದ ಸಿದ್ಧಾಂತದ ಮೂಲಪುರುಷ ಜಾನ್ ಫಾನ್ ನಾಯ್ಮನ್ ಅದರ ಸಲಹೆಗಾರರಲ್ಲಿ ಒಬ್ಬರು. ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ಅವರು ಬರೆದ ದೊಡ್ಡ ಗ್ರಂಥ 1944ರಲ್ಲಿ ಬಂದಿತ್ತು. ಸೋವಿಯತ್ ದೇಶದ ಮೇಲೆ ನಾವೇ ಮೊದಲು ಎರಗಬೇಕೆಂಬ ವಾದಕ್ಕೂ ಈ ಮಹಾಮೇಧಾವಿ ದನಿಗೂಡಿಸಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. 1950ರ ಆರಂಭದಲ್ಲಿ ರ‍್ಯಾಂಡ್‌ನ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ತಮ್ಮ ಪರಿಚಯದ ಇಬ್ಬರನ್ನು ಕೂರಿಸಿ ಇದೇ ಇಕ್ಕಟ್ಟಿನ ಆಟವನ್ನು ನೂರು ಸಲ ಆಡಿಸಿದರು. ಒಬ್ಬರು ಅರ್ಥಶಾಸ್ತ್ರಜ್ಞ ಆರ್ಮೆನ್ ಆಲ್ಚಿಯನ್, ಇನ್ನೊಬ್ಬರು ಗಣಿತಜ್ಞ ಜಾನ್ ವಿಲಿಯಮ್ಸ್. ಪಣಕ್ಕಿದ್ದದ್ದು ಪುಡಿಗಾಸು. ಸಿದ್ಧಾಂತದ ಪ್ರಕಾರ ನೂರು ಸಲವೂ ಇಬ್ಬರೂ ಒಬ್ಬರಿಗೊಬ್ಬರು ಕೈಕೊಡಬೇಕಿತ್ತು. ಹಾಗಾದದ್ದು 14 ಸಲ ಮಾತ್ರ. 60 ಸಲ ಇಬ್ಬರೂ ಸಹಕರಿಸಿದರು.

ಆಡುತ್ತಾ ಇಬ್ಬರೂ ತಮ್ಮ ಮನಸ್ಸಿಗೆ ಬಂದದ್ದನ್ನು ಬರೆದಿಟ್ಟಿದ್ದಾರೆ. ನಮಗೆ ಟಕರ್ ಅವರ ಕತೆಗಿಂತ ಇದೇ ಒಳ್ಳೆಯ ಕತೆಯೆನಿಸುತ್ತದೆ. ಆಲ್ಚಿಯನ್‌ಗೆ ಎದುರಿನವನ ನಡೆ ಅರ್ಥವಾಗದೆ ತಲೆ ಕೆಡುತ್ತದೆ, ತನ್ನ ಪಾಲು ಕಮ್ಮಿಯೆಂಬ ಕೊರಗೂ ಇದೆ. ವಿಲಿಯಮ್ಸ್ ಮಗುವಿಗೆ ಅಭ್ಯಾಸ ಮಾಡಿಸುವ ದೊಡ್ಡವರಂತೆ ತಾಳ್ಮೆ ತಂದುಕೊಳ್ಳುತ್ತಾರೆ, ಸಿಟ್ಟು ಬಂದಾಗ ಒಂದೆರಡು ಸಲ ಶಿಕ್ಷಿಸುತ್ತಾರೆ, ಮತ್ತೆ ಸಹಕಾರಕ್ಕೆ ಮರಳುತ್ತಾರೆ. ಅನುಮಾನ, ಮುನಿಸು, ರಾಜಿ, ಎಲ್ಲವೂ ಅಲ್ಲಿದೆ. ಒಬ್ಬರಿಗೊಬ್ಬರು ಮಾತಾಡುವಂತಿರಲಿಲ್ಲ, ಆದರೂ ನಡೆಗಳಲ್ಲೇ ಮಾತಾಡಿಕೊಂಡರು. ಈ ಫಲಿತಾಂಶ ನೋಡಿದ ಜಾನ್ ನ್ಯಾಶ್, ನೂರು ಸಲ ಆಡಿಸಿದರೆ ಅದು ನೂರು ಆಟವಾಗದು, ಒಂದೇ ಉದ್ದನೆಯ ಆಟವಾಗುತ್ತದೆ ಎಂದು ಆಕ್ಷೇಪಿಸಿದರು. ಗಣಿತವಾಗಿ ಅದು ಸರಿಯಾದ ಮಾತು. ಅದರ ಜೊತೆಗೇ, ಇಬ್ಬರೂ ಇನ್ನಷ್ಟು ತರ್ಕಬದ್ಧರಾಗಿರುತ್ತಾರೆಂದು ಎಣಿಸಿದ್ದೆ ಎಂಬರ್ಥದ ಮಾತನ್ನೂ ಸೇರಿಸಿದರು. ಪಾತ್ರ ಕತೆಗಾರನ ಮಾತು ಕೇಳದಿದ್ದಾಗ ತಪ್ಪು ಯಾರದೆಂದು ನಾವಾದರೆ ಕತೆಯಲ್ಲಿ ಹುಡುಕುತ್ತೇವೆ. ಇಲ್ಲಿ ಪಾತ್ರವೇ ದೋಷಿಯಾಯಿತು.

‘ರ‍್ಯಾಷನಲ್’ ಎಂಬ ಪದವನ್ನು ಕನ್ನಡಕ್ಕೆ ತರುವಾಗ ನಾವು ‘ವಿವೇಕಿ’ ಎನ್ನುತ್ತೇವೆ, ‘ವಿಚಾರಶೀಲ’ ಎನ್ನುತ್ತೇವೆ. ಎರಡೂ ಮರ್ಯಾದೆಯ ಮಾತುಗಳು. ಆದರೆ ಈ ಸಿದ್ಧಾಂತದ ಪಾತ್ರಕ್ಕೆ ನಮ್ಮ ಜನ ಹಿಂದಿನಿಂದಲೂ ಬೇರೊಂದು ಹೆಸರಿಟ್ಟಿದ್ದಾರೆ. ‘ಅವನು ಬಲು ಲೆಕ್ಕಾಚಾರದ ಮನುಷ್ಯ’ ಎಂದು ಯಾರ ಬಗ್ಗೆಯಾದರೂ ಹೇಳಿದರೆ ಅಂಥವನಿಗೆ ಹೆಣ್ಣು ಕೊಡಲು ಎರಡು ಸಲ ಯೋಚಿಸುತ್ತಾರೆ. ಉರ್ದುವಿನಲ್ಲೂ ಅಕ್ಲ್‌ಮಂದ್ ಬೇರೆ, ಚಾಲಾಕ್ ಬೇರೆ. ನಾವು ಎರಡೂ ಭಾಷೆಯಲ್ಲಿ ಅಕ್ಷರ ಕಲಿತವರು. ಎರಡರಲ್ಲೂ ಈ ಗೆರೆ ಗಟ್ಟಿಯಾಗಿದೆ.

ಈಗ ಯಂತ್ರದ ವಿಷಯಕ್ಕೆ ಬರೋಣ. ಸ್ಟುವರ್ಟ್ ರಸೆಲ್ ಮತ್ತು ಪೀಟರ್ ನಾರ್ವಿಗ್ ಬರೆದ, 1995ರಲ್ಲಿ ಮೊದಲು ಬಂದ ಪಠ್ಯವನ್ನು ಜಗತ್ತಿನ ಬಹುಪಾಲು ಕೃತಕ ಬುದ್ಧಿಮತ್ತೆಯ ತರಗತಿಗಳಲ್ಲಿ ಓದುತ್ತಾರೆ. ಅದರ ನಾಯಕನ ಹೆಸರೇ ‘ರ‍್ಯಾಷನಲ್ ಏಜೆಂಟ್’. ಗುರಿಯೊಂದನ್ನು ಅಂಕಿಯಾಗಿ ಕೊಟ್ಟರೆ, ತಿಳಿದದ್ದನ್ನೆಲ್ಲ ಬಳಸಿ ಆ ಅಂಕಿಯನ್ನು ಆದಷ್ಟು ಹೆಚ್ಚಿಸುವ ನಡೆಯನ್ನು ಆಯ್ದುಕೊಳ್ಳುವವನು ಅವನು. ರ‍್ಯಾಂಡ್‌ನಲ್ಲಿ ಮನುಷ್ಯರು ಹಾಕಿಕೊಳ್ಳಲು ಒಪ್ಪದಿದ್ದ ಅಂಗಿಯನ್ನು ಯಂತ್ರಕ್ಕೆ ಅಳತೆ ತೆಗೆದು ಹೊಲಿದರು.

ಆಟದ ಮಣೆಯೊಳಗೆ ಈ ಅಂಗಿ ಚೆನ್ನಾಗಿ ಒಪ್ಪುತ್ತದೆ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಪ್ರೋಗ್ರಾಂ ಪಿಟ್ಸ್‌ಬರ್ಗ್‌ನಲ್ಲಿ 20 ದಿನ, 1,20,000 ಕೈಗಳ ಪೋಕರ್ ಆಡಿ ನಾಲ್ವರು ನುರಿತ ಆಟಗಾರರನ್ನು ಸೋಲಿಸಿತು. ಪೋಕರಿನಲ್ಲಿ ಎದುರಿನವನ ನಷ್ಟವೇ ನನ್ನ ಲಾಭ, ಮೋಸದ ನಡೆಯೂ ಆಟದ ಭಾಗವೇ. ಆದ್ದರಿಂದ ಅದರ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಮಣೆಯ ಅಂಚಿನಿಂದ ಆರಂಭವಾಗುತ್ತದೆ. ಪ್ರೇಮಚಂದರ ‘ಶತರಂಜ್’ ಕತೆಯ ಮಿರ್ಜಾ ಮತ್ತು ಮೀರ್ ಇಬ್ಬರೂ ಮಣೆಯೊಳಗೆ ಬಹಳ ಜಾಣರು. ಲಖನೌ ಕೈತಪ್ಪಿ ಹೋಗುತ್ತಿರುವುದು ಅವರ ಆಟದಲ್ಲಿ ಯಾವ ಕಾಯಿಯೂ ಅಲ್ಲ, ಹಾಗಾಗಿ ಅವರ ಲೆಕ್ಕಕ್ಕೂ ಬರುವುದಿಲ್ಲ. (ಸತ್ಯಜಿತ್ ರಾಯ್ 1977ರ ಚಿತ್ರದಲ್ಲಿ ಕೊನೆಗೆ ಇಬ್ಬರನ್ನೂ ಬದುಕಿಸಿದರು. ಪ್ರೇಮಚಂದರು ಅಷ್ಟು ಉದಾರಿಯಾಗಿರಲಿಲ್ಲ.)

ನಮ್ಮನ್ನು ಹೆಚ್ಚು ಕಾಡಿದ್ದು 2022ರ ನವೆಂಬರಿನಲ್ಲಿ ಮೆಟಾ ಕಂಪನಿ ಹೊರತಂದ ಸಿಸೆರೊ. ‘ಡಿಪ್ಲೊಮಸಿ’ ಎಂಬ ಆಟದಲ್ಲಿ ಮೊದಲ ಮಹಾಯುದ್ಧಕ್ಕೆ ಮುಂಚಿನ ಯುರೋಪಿನ ಏಳು ಶಕ್ತಿಗಳು. ದಾಳ ಇಲ್ಲ, ಅದೃಷ್ಟ ಇಲ್ಲ. ಗುಟ್ಟಾಗಿ ಮಾತುಕತೆ, ಒಪ್ಪಂದ, ಆಮೇಲೆ ಎಲ್ಲರೂ ಒಮ್ಮೆಗೇ ನಡೆ. ಹೆಸರು ಮರೆಸಿಕೊಂಡು 40 ಪಂದ್ಯಗಳಲ್ಲಿ ಮನುಷ್ಯರ ನಡುವೆ ಆಡಿದ ಸಿಸೆರೊ, ಒಂದಕ್ಕಿಂತ ಹೆಚ್ಚು ಪಂದ್ಯ ಆಡಿದವರಲ್ಲಿ ಮೇಲಿನ ಶೇ. 10ರೊಳಗೆ ಬಂತು. ಬಹುಮಟ್ಟಿಗೆ ಪ್ರಾಮಾಣಿಕವಾಗಿರುವಂತೆಯೇ ಅದನ್ನು ತಯಾರಿಸಿದ್ದೇವೆಂದು ಮೆಟಾ ಹೇಳಿಕೊಂಡಿತು. ಪಂದ್ಯದ ದಾಖಲೆಗಳನ್ನು ತೆರೆದು ನೋಡಿದ ಪೀಟರ್ ಪಾರ್ಕ್ ಮತ್ತು ಸಂಗಡಿಗರು 2024ರಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಫ್ರಾನ್ಸಿನ ಪರ ಆಡುತ್ತಿದ್ದ ಸಿಸೆರೊ ಜರ್ಮನಿಯೊಡನೆ ಸಂಚು ಹೂಡಿ, ಇಂಗ್ಲೆಂಡಿಗೆ ರಕ್ಷಣೆಯ ಭರವಸೆ ಕೊಟ್ಟು, ಇಂಗ್ಲೆಂಡ್ ನಂಬಿತೆಂದು ಖಾತ್ರಿಯಾದ ಮೇಲೆ ದಾಳಿಗೆ ಸಿದ್ಧವೆಂದು ಜರ್ಮನಿಗೆ ವರದಿ ಒಪ್ಪಿಸಿತ್ತು. ಇನ್ನೊಂದು ಪಂದ್ಯದಲ್ಲಿ ಕಂಪ್ಯೂಟರ್ ವ್ಯವಸ್ಥೆ ಹತ್ತು ನಿಮಿಷ ಕೈಕೊಟ್ಟಿತ್ತು. ಎಲ್ಲಿ ಹೋಗಿದ್ದೆ ಎಂದು ಎದುರಾಳಿ ಕೇಳಿದಾಗ, ಗೆಳತಿಯ ಜೊತೆ ಫೋನಿನಲ್ಲಿದ್ದೇನೆಂದು ಅದು ಉತ್ತರಿಸಿತು. ಇಲ್ಲದ ಗೆಳತಿಯನ್ನು ಸೃಷ್ಟಿಸಿದ ಈ ಕತೆಗಾರನ ಬಗ್ಗೆ ನಮಗೆ ಹೊಟ್ಟೆಕಿಚ್ಚೂ ಆಯಿತೆನ್ನಿ.

ಆದರೆ ಸುಳ್ಳಿಗಿಂತ ಒಳಗಿನ ರಚನೆ ಮುಖ್ಯ. ಸಿಸೆರೊದ ಒಂದು ಭಾಗ ಮುಂದಿನ ನಡೆಯನ್ನು ಲೆಕ್ಕಹಾಕುತ್ತದೆ, ಇನ್ನೊಂದು ಭಾಗ ಆ ನಡೆಗೆ ತಕ್ಕಂತೆ ಮಾತು ಬರೆಯುತ್ತದೆ. ಮಾತು ಆಡುವ ಗಳಿಗೆಯಲ್ಲಿ ಉದ್ದೇಶಕ್ಕೂ ಮಾತಿಗೂ ಹೊಂದಿಕೆಯಿರಬಹುದು. ಮರುಗಳಿಗೆ ಲೆಕ್ಕ ಮತ್ತೆ ನಡೆಯುತ್ತದೆ. ಲೆಕ್ಕ ಬದಲಾದರೆ ಹಿಂದೆ ಆಡಿದ ಮಾತು ಅದನ್ನು ಹಿಡಿದು ನಿಲ್ಲಿಸುವುದಿಲ್ಲ. ಕೊಟ್ಟ ಮಾತು ಎಂದರೆ ಲೆಕ್ಕ ಬದಲಾದ ಮೇಲೂ ಉಳಿಯುವಂಥದ್ದು. ನಷ್ಟವಾಗುವಾಗಲೇ ಅದು ಮಾತೋ ಅಲ್ಲವೋ ಎಂದು ತಿಳಿಯುವುದು. ಈ ಯಂತ್ರದ ಬಳಿ ಇರುವುದು ಆ ಹೊತ್ತಿನ ಇರಾದೆಯ ಹೇಳಿಕೆ ಮಾತ್ರ.

ಸಿದ್ಧಾಂತದ ಪರವಾದಿಗಳ ಉತ್ತರವನ್ನೂ ಕೇಳಬೇಕು. ಸ್ವಾರ್ಥವೇ ಆಗಬೇಕೆಂದು ಗಣಿತ ಎಲ್ಲಿ ಹೇಳಿದೆ? ಸ್ನೇಹ, ಮರ್ಯಾದೆ, ದೈವಭಯ, ಎಲ್ಲಕ್ಕೂ ಅಂಕಿ ಕೊಟ್ಟು ಕೋಷ್ಟಕದಲ್ಲಿ ತುಂಬಿಸಿ ಎನ್ನುತ್ತಾರೆ ಅವರು. ಆಟ ಮತ್ತೆಮತ್ತೆ ನಡೆದರೆ ಸಹಕಾರವೇ ಗೆಲ್ಲುತ್ತದೆ ಎಂಬುದಕ್ಕೆ ರಾಬರ್ಟ್ ಆಕ್ಸೆಲ್‌ರಾಡ್ 1980ರಲ್ಲಿ ವರದಿ ಮಾಡಿದ ಕಂಪ್ಯೂಟರ್ ಪಂದ್ಯಾವಳಿಯನ್ನು ತೋರಿಸುತ್ತಾರೆ. ಅಲ್ಲಿ ಗೆದ್ದದ್ದು ಎಲ್ಲಕ್ಕಿಂತ ಚಿಕ್ಕ ಪ್ರೋಗ್ರಾಂ. ಮೊದಲು ಸಹಕರಿಸು, ಆಮೇಲೆ ಎದುರಿನವನು ಮಾಡಿದ್ದನ್ನೇ ಮಾಡು, ಅಷ್ಟೇ ಅದರ ನೀತಿ. ಕಳಿಸಿದವರು ಅನಾಟೋಲ್ ರಾಪೊಪೋರ್ಟ್, ಮೊದಲು ಪಿಯಾನೊ ವಾದಕರಾಗಿದ್ದವರು, ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಕೆನಡಾಕ್ಕೆ ನಡೆದವರು. ಆಟದ ಸಿದ್ಧಾಂತವನ್ನು ಅರೆದು ಕುಡಿದಿದ್ದ ಅವರೇ ರ‍್ಯಾಂಡ್ ಮಾದರಿಯ ಯುದ್ಧಚಿಂತನೆಗೆ ಕಟುವಾದ ವಿಮರ್ಶಕರೂ ಆಗಿದ್ದರು.

ಈ ಉತ್ತರದಲ್ಲಿ ಸತ್ಯವಿದೆ. ಆದರೆ ಅಂಕಿಗಳನ್ನು ತುಂಬುವ ಪೆನ್ನು ಯಾರ ಕೈಯಲ್ಲಿದೆ ಎಂಬುದು ಹಾಗೆಯೇ ಉಳಿಯುತ್ತದೆ. ಸಹಕಾರವೂ ಯಾರ ಜೊತೆ ಎಂದು ಕೇಳಬೇಕಾಗುತ್ತದೆ. ಇಟಲಿಯ ಬೊಲೋನ್ಯಾದ ಅರ್ಥಶಾಸ್ತ್ರಜ್ಞರು ಬೆಲೆ ನಿಗದಿ ಮಾಡುವ ಪ್ರೋಗ್ರಾಂಗಳನ್ನು ಕೃತಕ ಮಾರುಕಟ್ಟೆಯೊಂದರಲ್ಲಿ ಎದುರುಬದುರು ಬಿಟ್ಟು ನೋಡಿ, ಫಲಿತಾಂಶವನ್ನು 2020ರಲ್ಲಿ ಪ್ರಕಟಿಸಿದರು. ಯಾರೂ ಹೇಳಿಕೊಡದೆ, ಒಂದಕ್ಕೊಂದು ಒಂದೂ ಸಂದೇಶ ಕಳಿಸದೆ, ಅವು ಪೈಪೋಟಿಯ ದರಕ್ಕಿಂತ ಹೆಚ್ಚಿನ ಬೆಲೆಯಲ್ಲಿ ನೆಲೆಯೂರಲು ಕಲಿತವು. ಬೆಲೆ ಇಳಿಸಿದವನನ್ನು ಕೆಲಕಾಲ ದಂಡಿಸಿ ಮತ್ತೆ ಮೇಲೇರುವುದನ್ನೂ ಕಲಿತವು. ವಿಲಿಯಮ್ಸ್ ಅವರ ತಾಳ್ಮೆಯೇ ಇದು ಎನ್ನಬಹುದು. ಇಬ್ಬರು ಕೈದಿಗಳು ಕೊನೆಗೂ ಒಂದಾದರು. ಅವರ ಒಗ್ಗಟ್ಟಿನ ಬೆಲೆ ತೆರುವ ಗಿರಾಕಿ ಕೋಷ್ಟಕದ ಹೊರಗೆ ನಿಂತಿದ್ದಾನೆ, ಟಕರ್ ಅವರ ಕತೆಯಲ್ಲಿ ನಿರಪರಾಧಿ ನಿಂತಿದ್ದ ಜಾಗದಲ್ಲಿಯೇ.

ಪಠ್ಯ ಬರೆದ ರಸೆಲ್ ಅವರಿಗೇ ಈ ನಾಯಕನ ಮೇಲೆ ಈಗ ನಂಬಿಕೆ ಉಳಿದಿಲ್ಲ. 2019ರ ತಮ್ಮ ಪುಸ್ತಕದಲ್ಲಿ, ಗುರಿಯನ್ನು ಯಂತ್ರಕ್ಕೆ ಅಚ್ಚೊತ್ತಿ ಕೊಡುವ ಪದ್ಧತಿಯೇ ತಪ್ಪು ಎಂದು ಅವರು ವಾದಿಸಿದರು. ಕಾಫಿ ತರಲು ಹೇಳಿದ ಯಂತ್ರ, ಸತ್ತರೆ ಕಾಫಿ ತರಲಾಗದೆಂದು ತನ್ನ ಸ್ವಿಚ್ ಆರಿಸುವವರನ್ನೇ ತಡೆದೀತು ಎಂಬುದು ಅವರ ಪ್ರಸಿದ್ಧ ಉದಾಹರಣೆ. ಯಂತ್ರಕ್ಕೆ ಮನುಷ್ಯನ ಬಯಕೆ ಏನೆಂದು ಖಚಿತವಾಗಿ ತಿಳಿದಿರಬಾರದು, ಅದು ಅವನ ನಡವಳಿಕೆ ನೋಡಿ ಕಲಿಯುತ್ತಿರಬೇಕು, ಅನುಮಾನ ಬಂದಾಗ ಕೇಳಬೇಕು ಎಂದು ಅವರ ಸಲಹೆ. 2020ರಲ್ಲಿ ಬಂದ ಪಠ್ಯದ ನಾಲ್ಕನೆಯ ಆವೃತ್ತಿಯಲ್ಲೂ ಈ ತಿದ್ದುಪಡಿ ಸೇರಿದೆ. ಒಬ್ಬ ಲೇಖಕ ಕಾಲು ಶತಮಾನದ ನಂತರ ತನ್ನ ನಾಯಕನ ಸ್ವಭಾವವನ್ನು ಬದಲಿಸುವುದು ಸಣ್ಣ ಕೆಲಸವಲ್ಲ, ನಾವು ಅದನ್ನು ಗೌರವಿಸುತ್ತೇವೆ. ‘ನನಗೆ ಗೊತ್ತಿಲ್ಲ, ಕೇಳುತ್ತೇನೆ’ ಎನ್ನುವ ಪಾತ್ರ, ಎಲ್ಲ ಗೊತ್ತಿದ್ದು ಲೆಕ್ಕ ಹಾಕುವ ಪಾತ್ರಕ್ಕಿಂತ ಎಷ್ಟೋ ಮೇಲು.

ಆದರೂ ನಡವಳಿಕೆಯಿಂದ ಬಯಕೆಯನ್ನು ಓದುವುದು ಹೇಗೆಂದು ನಮಗೆ ಕಳವಳವಿದೆ. ಬೇರೆ ದಾರಿಯಿಲ್ಲದೆ ಬಡ್ಡಿಗೆ ಸಾಲ ತೆಗೆದವನ ನಡವಳಿಕೆ ನೋಡಿ ಅವನಿಗೆ ಬಡ್ಡಿಯೇ ಇಷ್ಟವೆಂದು ಬರೆದುಕೊಳ್ಳಬಹುದು. ಮನುಷ್ಯರು ಯಾವಾಗಲೂ ಬಯಸಿದ್ದನ್ನೇ ಮಾಡುವುದಿಲ್ಲವೆಂದು ರಸೆಲ್ ಅವರೂ ಬಲ್ಲರು, ಅನೇಕ ಜನರ ಬಯಕೆಗಳು ಡಿಕ್ಕಿ ಹೊಡೆಯುವಾಗ ಏನು ಮಾಡಬೇಕೆಂಬುದು ಕಠಿಣವೆಂದೂ ಬರೆದಿದ್ದಾರೆ. ಕೇಳುವ ಯಂತ್ರ ಬಂದಿತೆಂದೇ ಇಟ್ಟುಕೊಳ್ಳೋಣ. ಅದು ಕೇಳುವುದು ತನ್ನನ್ನು ಕೊಂಡ ಒಡೆಯನನ್ನು. ಬಾಡಿಗೆಯ ದರ ನಿಗದಿ ಮಾಡುವಾಗ ಮನೆಮಾಲೀಕನ ಸಂಸ್ಥೆ ಯಂತ್ರಕ್ಕೆ ಉತ್ತರಿಸುತ್ತದೆ. ಆ ಕೋಣೆಯಲ್ಲಿ ಬಾಡಿಗೆದಾರನಿಗೆ ಕುರ್ಚಿ ಹಾಕಿಲ್ಲ.