ಕೂಡಿಟ್ಟ ದುಡಿಮೆಯ ಊಟ

ಬಿಡುವಿಲ್ಲದ ಕುಟುಂಬಕ್ಕೆ ಸುಲಭವಾದ ಮನೆಯಡುಗೆ ಯಾವುದು ಎಂಬ ಪ್ರಶ್ನೆಗೆ ಇಂದಿನ ಪಾಕಪುಸ್ತಕಗಳು ನಿಮಿಷಗಳ ಲೆಕ್ಕದಲ್ಲಿ ಉತ್ತರ ಕೊಡುತ್ತವೆ. ಒಲೆ ಹೊತ್ತಿಸಿದ ಗಳಿಗೆಯಿಂದ ತಾಟು ಮುಂದೆ ಬರುವ ಗಳಿಗೆಯವರೆಗಿನ ಅವಧಿ ಎಷ್ಟು ಕಿರಿದೋ ಅಡುಗೆ ಅಷ್ಟು ಸುಲಭವೆಂಬುದು ಅವುಗಳ ತೀರ್ಮಾನ. ಕನ್ನಡದಲ್ಲಿ ಅಡುಗೆಯ ಬರವಣಿಗೆಗೆ ದೀರ್ಘ ಪರಂಪರೆಯಿದ್ದು, 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲೇ ಸೂಪಶಾಸ್ತ್ರಕ್ಕೆ ಮೀಸಲಾದ ಭಾಗವಿದೆ, ಹದಿನಾರನೇ ಶತಮಾನದ ಆರಂಭಕ್ಕೆ ಸೇರುವ ಮಂಗರಸನಂತೂ ಆ ಶಾಸ್ತ್ರದ ಹೆಸರಿನಲ್ಲೇ ಒಂದು ಗ್ರಂಥವನ್ನು ರಚಿಸಿದ್ದಾನೆ, ಆ ಪರಂಪರೆಯ ಲಕ್ಷ್ಯವೆಲ್ಲ ರುಚಿ ಮತ್ತು ಹದದ ಮೇಲಿತ್ತು, ಗಡಿಯಾರದ ಮುಳ್ಳು ಅಡುಗೆಮನೆಯನ್ನು ಹೊಕ್ಕದ್ದು ತೀರ ಈಚೆಗೆ. ಬಾಗಲಕೋಟೆಯ ನವನಗರದಿಂದ ಬಾದಾಮಿ, ಹುನಗುಂದ, ಇಳಕಲ್‌ಗಳವರೆಗೆ ಹಬ್ಬಿರುವ, ಎರೆಯ ಕಪ್ಪುಮಣ್ಣೂ ಮಸಾರಿಯ ಕೆಂಪುಮಣ್ಣೂ ಬೆರೆತ ಸೀಮೆಯ ಊಟವನ್ನು ಈ ಹೊಸ ಅಳತೆಗೋಲಿನಿಂದ ಅಳೆದರೆ ಅದಕ್ಕೆ ಮೊದಲ ಸ್ಥಾನವೇ ಸಿಗಬೇಕಾಗುತ್ತದೆ. ಬುಟ್ಟಿಯಲ್ಲಿ ಒಣಗಿಸಿಟ್ಟ ಕಟಿ ರೊಟ್ಟಿ, ಡಬ್ಬಿಯಲ್ಲಿ ಕುಟ್ಟಿಟ್ಟ ಶೇಂಗಾ ಹಿಂಡಿ, ಗಡಿಗೆಯಲ್ಲಿ ಮೊಸರು, ಪಕ್ಕದಲ್ಲೊಂದು ಉಳ್ಳಾಗಡ್ಡಿ ಇದ್ದರೆ ಒಲೆ ಹೊತ್ತಿಸದೆಯೇ ಮನೆಮಂದಿಯ ಊಟ ಮುಗಿಯುತ್ತದೆ. ಆದರೆ ಈ ಸಲೀಸಿನ ಹಿಂದೆ ಯಾರದೋ ಒಂದು ಇಡೀ ಮುಂಜಾನೆಯ ದುಡಿಮೆ ಕೂತಿರುತ್ತದೆ ಎಂಬುದನ್ನು ಎಣಿಸದ ಯಾವ ಮೌಲ್ಯಮಾಪನವೂ ಪೂರ್ಣವಾಗುವುದಿಲ್ಲ. ಇಲ್ಲಿ ಶ್ರಮ ಕಡಿಮೆಯಾಗಿಲ್ಲ, ಅದು ಇನ್ನೊಂದು ದಿನಕ್ಕೆ, ಬಹಳ ಸಲ ಇನ್ನೊಬ್ಬರ ಕೈಗೆ ವರ್ಗವಾಗಿದೆ.

ಈ ವ್ಯವಸ್ಥೆಯ ಆಧಾರ ಬಿಳಿಜೋಳ. ಮಳೆಗಾಲದ ಕೊನೆಯಲ್ಲಿ ಎರೆಮಣ್ಣು ಹಿಡಿದಿಟ್ಟುಕೊಂಡ ಹಸಿಯನ್ನೇ ನಂಬಿ ಹಿಂಗಾರಿಯಲ್ಲಿ ಬಿತ್ತುವ, ಬೇಸಿಗೆಯ ಬಾಗಿಲಲ್ಲಿ ಕೊಯ್ಯುವ ಈ ಧಾನ್ಯದಲ್ಲಿ ಗೋಧಿಯಲ್ಲಿರುವಂಥ ಗ್ಲೂಟೆನ್, ಅಂದರೆ ಹಿಟ್ಟನ್ನು ಎಳೆದಷ್ಟೂ ಹಿಗ್ಗುವಂತೆ ಮಾಡುವ ಅಂಟುಪ್ರೋಟೀನು, ಇಲ್ಲವಾದ್ದರಿಂದ ಲಟ್ಟಣಿಗೆಯ ಕೆಳಗೆ ಅದು ಚಪಾತಿಯ ಹಿಟ್ಟಿನಂತೆ ಹರಡದೆ ಅಂಚಿನಲ್ಲಿ ಬಿರಿಯುತ್ತದೆ. ಈ ಕೊರತೆಯನ್ನು ತುಂಬಲು ಇಲ್ಲಿಯ ಹೆಣ್ಣುಮಕ್ಕಳು ಕಂಡುಕೊಂಡ ಉಪಾಯ ಎಸರು: ಪರಾತದಲ್ಲಿ ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ನೀರು ಸುರಿದಾಗ ಹಿಟ್ಟಿನೊಳಗಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಆ ಅಂಟೇ ಉಳಿದ ಹಿಟ್ಟನ್ನು ಹಿಡಿದು ನಿಲ್ಲಿಸುತ್ತದೆ. ಬಿಸಿ ಆರುವ ಮೊದಲೇ ಗಟ್ಟಿಯಾಗಿ ನಾದಿ, ಒಣಹಿಟ್ಟು ಉದುರಿಸಿ, ಅಂಗೈಯಿಂದ ತಿರುಗಿಸುತ್ತ ಬಡಿದು, ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ನೀರು ಸವರಿ, ಮಗುಚಿ ಉಬ್ಬಿಸುವ ಈ ಕ್ರಮದಲ್ಲಿ ಪುಸ್ತಕ ಓದಿ ಕಲಿಯಬಹುದಾದ ಭಾಗ ಅತ್ಯಲ್ಪ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ ಎಂದು ಹೆಂಗಸರು ಹೇಳುತ್ತಾರೆ. ಕಾಳಿನ ಮೊಳಕೆಯ ಭಾಗದಲ್ಲಿರುವ ಕೊಬ್ಬು ಬೀಸಿದ ಮೇಲೆ ಗಾಳಿಗೆ ತಾಗಿ ಕಮಟಾಗುವುದೂ ಇದರ ಜೊತೆಗೇ ನಡೆಯುವುದರಿಂದ ತಿಂಗಳುಗಟ್ಟಲೆ ಹಿಟ್ಟು ಕೂಡಿಡುವಂತಿಲ್ಲ, ಗಿರಣಿಗೆ ಮತ್ತೆ ಮತ್ತೆ ಹೋಗಲೇಬೇಕು. ಕೂಡಿಡಬಹುದಾದದ್ದು ರೊಟ್ಟಿಯನ್ನೇ. ಬೆಂದ ರೊಟ್ಟಿಯನ್ನು ಒಲೆಯ ಕಾವಿಗೆ ಆನಿಸಿ ನಿಲ್ಲಿಸಿಯೋ ಬಿಸಿಲಿಗೆ ಹರವಿಯೋ ಒಣಗಿಸಿದಾಗ ಬೂಸ್ಟು ಬೆಳೆಯಲು ಬೇಕಾದ ನೀರಿನ ಅಂಶ ಉಳಿಯುವುದಿಲ್ಲ. ಹೀಗೆ ಗರಿಗರಿಯಾದ ಕಟಿ ರೊಟ್ಟಿ, ಪೇಟೆಯ ಮಾತಿನಲ್ಲಿ ಖಡಕ್ ರೊಟ್ಟಿ, ತೇವ ತಾಗದಂತೆ ಇಟ್ಟರೆ ವಾರಗಳನ್ನಲ್ಲ ತಿಂಗಳುಗಳನ್ನೇ ದಾಟುತ್ತದೆ. ಶೀತಪೆಟ್ಟಿಗೆಯಿಲ್ಲದೆ, ಎಣ್ಣೆಯಿಲ್ಲದೆ, ಸಂರಕ್ಷಕ ರಾಸಾಯನಿಕದ ಹಂಗಿಲ್ಲದೆ ಧಾನ್ಯದ ಊಟವೊಂದನ್ನು ಇಷ್ಟು ಕಾಲ ಕಾದಿಡುವ ತಂತ್ರವನ್ನು ಕೇವಲ ಹಳ್ಳಿಯ ರೂಢಿಯೆಂದು ಕರೆದು ಮುಂದೆ ಸಾಗುವುದು ವಿಮರ್ಶೆಯ ಸೋಮಾರಿತನವಾದೀತು.

ರೊಟ್ಟಿಗೆ ಜೊತೆಯಾದದ್ದು ಹಿಂಡಿ, ಅಂದರೆ ಹುರಿದ ಎಣ್ಣೆಕಾಳನ್ನೋ ಬೇಳೆಕಾಳನ್ನೋ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪಿನೊಡನೆ ಕುಟ್ಟಿದ ಒಣಚಟ್ನಿ. ಶೇಂಗಾ, ಅಗಸಿ, ಗುರೆಳ್ಳು, ಪುಟಾಣಿ ಎಂದು ಅದರ ಬಗೆಗಳು ಹಲವು. ಶೇಂಗಾದ ತೂಕದಲ್ಲಿ ಸುಮಾರು ಕಾಲು ಭಾಗ ಪ್ರೋಟೀನು, ಐದರಲ್ಲಿ ಎರಡು ಭಾಗಕ್ಕೂ ಮಿಕ್ಕಿ ಎಣ್ಣೆ ಇರುವುದರಿಂದ ಎರಡು ಚಮಚ ಹಿಂಡಿ ಬರೀ ನಂಚಿಕೊಳ್ಳುವ ವ್ಯಂಜನವಾಗಿ ಉಳಿಯದೆ ಊಟದ ಸತ್ವದ ಪಾಲನ್ನೂ ಹೊರುತ್ತದೆ. ಅಗಸಿಯಲ್ಲಿ ಸಸ್ಯಮೂಲದ ಒಮೆಗಾ-3 ಕೊಬ್ಬು ಹೇರಳವಾಗಿದೆ, ಆದರೆ ಆ ಕೊಬ್ಬೇ ಬೇಗ ಕೆಡುವಂಥದು. ಆದ್ದರಿಂದ ಮೂರು ತಿಂಗಳಿಗಾಗುವಷ್ಟು ಅಗಸಿ ಹಿಂಡಿಯನ್ನು ಒಮ್ಮೆಲೇ ಮಿಕ್ಸರ್‌ನಲ್ಲಿ ತಿರುವಿ ಡಬ್ಬಿ ತುಂಬುವ ಇಂದಿನ ಅನುಕೂಲ ಅಗಸಿಯ ಗುಣವನ್ನೇ ಕಳೆಯುತ್ತದೆ. ಒರಳಿನಲ್ಲಿ ಸ್ವಲ್ಪ ಸ್ವಲ್ಪವೇ ಕುಟ್ಟುತ್ತಿದ್ದ ಕಾಲದಲ್ಲಿ ಈ ಸಮಸ್ಯೆ ತಾನಾಗಿಯೇ ಬಗೆಹರಿದಿತ್ತು, ಅದಕ್ಕೆ ಕಾರಣ ಜ್ಞಾನವಿರಲಿಕ್ಕಿಲ್ಲ, ತೋಳಿನ ದಣಿವಿರಬೇಕು. ಉಪ್ಪಿನ ಮಾತು ಬೇರೆ. ದಿನಕ್ಕೆ ಒಬ್ಬ ವಯಸ್ಕರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಿಂಡಿ, ಉಪ್ಪಿನಕಾಯಿ, ಕೆಂಪು ಖಾರ, ಸಂಡಿಗೆಗಳು ಒಂದೇ ತಾಟಿನಲ್ಲಿ ಸೇರುವ ಊಟ ಆ ಮಿತಿಯೊಳಗೆ ನಿಲ್ಲುವುದು ಕಷ್ಟ, ಈ ಊಟಪದ್ಧತಿಯನ್ನು ಹೊಗಳುವವರು ಸಾಮಾನ್ಯವಾಗಿ ಈ ಸಂಗತಿಯ ಬಗ್ಗೆ ಮೌನವಾಗಿರುತ್ತಾರೆ.

ಕೂಡಿಟ್ಟ ಊಟದ ಈ ಪದ್ಧತಿ ಹುಟ್ಟಿದ್ದು ಬಿಡುವಿನ ಮನೆಗಳಲ್ಲಲ್ಲ. ಸುಗ್ಗಿಯಲ್ಲಿ ನಸುಕಿಗೇ ಹೊಲಕ್ಕೆ ಹೋಗುವವರ ಬುತ್ತಿ ಇದು. ಇಳಕಲ್‌ನ ಕುಣಿಮಗ್ಗದ ಮನೆಗಳಲ್ಲಿ ಹಾಸು ಹೂಡುವುದರಿಂದ ಹಿಡಿದು ನೂಲು ಸುತ್ತುವವರೆಗೆ ಮನೆಯವರೆಲ್ಲರ ಕೈಗೂ ಕೆಲಸವಿರುವಾಗ ಮಗ್ಗ ನಿಲ್ಲದಂತೆ ಹೊಟ್ಟೆ ತುಂಬಿಸುವ ದಾರಿಯೂ ಇದೇ. ಬಾದಾಮಿಗೆ ಸಮೀಪದ ಚೊಳಚಗುಡ್ಡದ ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಹೆಂಗಸರು ಭಕ್ತರಿಗೂ ಪ್ರವಾಸಿಗರಿಗೂ ರೊಟ್ಟಿ, ಕಾಳುಪಲ್ಯ, ಹಿಂಡಿ, ಮೊಸರು ಬಡಿಸುವುದು ಇದರ ಸಾರ್ವಜನಿಕ ರೂಪ. ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಮಾತ್ರವಲ್ಲದೆ ಉಳಿದ ದಿನಗಳಲ್ಲೂ ನಡೆಯುವ ಈ ಮಾರಾಟದಲ್ಲಿ ಹೋಟೆಲಿನ ಬಂಡವಾಳವಿಲ್ಲ, ಸ್ಥಳದಲ್ಲಿ ಒಲೆಯೂ ಇಲ್ಲ. ಮನೆಯಲ್ಲಿ ಬೆಳಗಾಗುವ ಮುನ್ನ ಮುಗಿಸಿದ ಅಡುಗೆಯೇ ಬಂಡವಾಳ. ತಿನ್ನುವವರಿಗೆ ಅದು ಗಳಿಗೆಯಲ್ಲಿ ಸಿಗುವ ಮನೆಯೂಟ, ಬಡಿಸುವವರಿಗೆ ನಸುಕಿನಿಂದ ನಡೆದ ದುಡಿಮೆ. ಸುಲಭ ಎಂಬ ಗುಣ ಪದಾರ್ಥದಲ್ಲಿಲ್ಲ, ತಾಟಿನ ಯಾವ ಬದಿಯಲ್ಲಿ ಕೂತಿದ್ದಾರೆ ಎಂಬುದರಲ್ಲಿದೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ನವನಗರದಲ್ಲಿ ಈ ಲೆಕ್ಕ ಇನ್ನಷ್ಟು ತೊಡಕಾಗಿದೆ. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ದಡದ ಹಳೆಯ ಬಾಗಲಕೋಟೆಯ ಭಾಗಗಳನ್ನು ಆವರಿಸಿದ್ದರಿಂದ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಮೂಲಕ ಕಟ್ಟಿದ, ಸೆಕ್ಟರ್‌ಗಳ ಸಂಖ್ಯೆಯಿಂದ ಗುರುತಿಸಲಾಗುವ ಈ ಊರಿನ ಯೋಜನೆಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಪಾತ್ರವಿತ್ತು. ಬಿಸಿಲುನಾಡಿನ ಮನೆಗೆ ಅಂಗಳ, ಮಾಳಿಗೆಯಂಥ ಆಕಾಶಕ್ಕೆ ತೆರೆದ ಜಾಗಗಳು ಕೋಣೆಯಷ್ಟೇ ಉಪಯುಕ್ತವೆಂದು ಜೀವನವಿಡೀ ವಾದಿಸಿದವರು ಅವರು. ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗುವುದು ಅಂಥ ಜಾಗದಲ್ಲೇ ಆದ್ದರಿಂದ ವಾದದ ಸತ್ಯವನ್ನು ಈ ಭಾಗದ ಯಾವ ಮನೆಯೂ ಅಲ್ಲಗಳೆಯಲಾರದು. ಆದರೆ ಜಾಗ ಇದ್ದ ಮಾತ್ರಕ್ಕೆ ಕೈಗಳು ಇರಬೇಕೆಂದಿಲ್ಲ. 1997ರಲ್ಲಿ ಬಾಗಲಕೋಟೆ ಜಿಲ್ಲಾಕೇಂದ್ರವಾದ ಮೇಲೆ ಕಚೇರಿ, ಕಾಲೇಜು, ಆಸ್ಪತ್ರೆಗಳು ಬೆಳೆದು, ಗಂಡ ಹೆಂಡತಿ ಇಬ್ಬರೂ ದುಡಿಯುವ, ಅತ್ತೆ ಅಜ್ಜಿಯರಿಲ್ಲದ ಚಿಕ್ಕ ಸಂಸಾರಗಳು ಹೆಚ್ಚಿದವು. ಇಂಥ ಮನೆಗಳಿಗೆ ರೊಟ್ಟಿ ಈಗ ಬರುವುದು ಬಹುಪಾಲು ಹೊರಗಿನಿಂದ: ಮನೆಯಲ್ಲೇ ಬಡಿದು ಎಣಿಕೆಯ ಮೇಲೆ ಮಾರುವ ಹೆಂಗಸರಿಂದ, ಸ್ವಸಹಾಯ ಸಂಘಗಳಿಂದ, ಅಥವಾ ಅಂಗಡಿಯ ಪಾಕೀಟಿನಿಂದ. ಮನೆಯೂಟವೆಂಬ ಹೆಸರು ಉಳಿದಿದೆ, ಮನೆ ಮಾತ್ರ ಬೇರೆಯವರದು. ಇದನ್ನು ಅವನತಿಯೆಂದು ಶೋಕಿಸುವುದಕ್ಕೆ ಕಾರಣ ಕಾಣದು. ಒಳಗೆ ಬೆಲೆಯಿಲ್ಲದೆ ನಡೆಯುತ್ತಿದ್ದ ದುಡಿಮೆಗೆ ಹೊರಗೆ ಬೆಲೆಯಾದರೂ ಕಟ್ಟಲಾಗುತ್ತಿದೆ. ಆ ಬೆಲೆ ನ್ಯಾಯವೇ ಎಂಬುದು ಕೇಳಬೇಕಾದ ಪ್ರಶ್ನೆ, ಯಾಕೆಂದರೆ ಒಂದು ಕಪ್ ಚಹಾದ ದರಕ್ಕೆ ತಕರಾರು ಮಾಡದ ಗಿರಾಕಿಯೂ ರೊಟ್ಟಿಯ ಎಣಿಕೆಯಲ್ಲಿ ಚೌಕಾಸಿಗೆ ಇಳಿಯುತ್ತಾನೆ.

ಸಂಜೆಯ ತಿನಿಸಿನ ವಿಷಯಕ್ಕೆ ಬಂದರೆ ಈ ಪ್ರದೇಶದ ಹೆಮ್ಮೆಯನ್ನು ಸ್ವಲ್ಪ ಕಟುವಾಗಿಯೇ ಪರೀಕ್ಷಿಸಬೇಕು. ಚುರಮುರಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ತೆಗೆದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಷಿಣದ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸುವ ಸೂಸಲ ನಿಜಕ್ಕೂ ಹತ್ತು ನಿಮಿಷದ ತಿಂಡಿ, ಅದರಲ್ಲಿ ಅಡಗಿಸಿಟ್ಟ ದುಡಿಮೆಯೂ ಕಡಿಮೆ. ಆದರೆ ಅದು ಉಬ್ಬಿಸಿದ ಅಕ್ಕಿಯೇ ಆದ್ದರಿಂದ ಬೇಗ ಜೀರ್ಣವಾಗಿ, ಶಾಲೆಯಿಂದ ಬಂದ ಮಗುವಿಗೆ ಗಂಟೆಯೊಳಗೆ ಮತ್ತೆ ಹಸಿವೆ ಹುಟ್ಟಿಸುತ್ತದೆ. ಪುಟಾಣಿ ಹಿಟ್ಟನ್ನು ಚಿಟಿಕೆಗೆ ಬದಲು ಹಿಡಿಯಷ್ಟು, ಶೇಂಗಾವನ್ನು ಅಲಂಕಾರಕ್ಕೆ ಬದಲು ಧಾರಾಳವಾಗಿ ಹಾಕಿದರೆ ಅದೇ ಸೂಸಲ ಬೇರೆಯೇ ತಿನಿಸಾಗುತ್ತದೆ. ಅದರ ಪಕ್ಕಕ್ಕೆ ಮಿರ್ಚಿ ಭಜಿ ಇಲ್ಲದಿದ್ದರೆ ತಿಂಡಿಯೇ ಅಪೂರ್ಣವೆಂಬ ಹಟ ಮಾತ್ರ ಅವಸರದ ಮನೆಗೂ ಹೃದಯಕ್ಕೂ ಹಿತವಲ್ಲ. ಹಚ್ಚಿದ ಅವಲಕ್ಕಿಗೂ ಸೂಸಲದ ಬಗ್ಗೆ ಹೇಳಿದ ಮಾತೇ ಬಹುತೇಕ ಅನ್ವಯಿಸುತ್ತದೆ. ಹುನಗುಂದ ಸೀಮೆಯ ಅಮೀನಗಡದ ಕರದಂಟು, ಅಂದರೆ ಕರಿದ ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿಗಳನ್ನು ಬೆಲ್ಲದ ಪಾಕದಲ್ಲಿ ಹಿಡಿದ ಸಿಹಿ, ಪೌಷ್ಟಿಕವೆಂದು ಹೆಸರಾಗಿದ್ದರೂ ಬೆಲ್ಲವೂ ಸಕ್ಕರೆಯ ಒಂದು ರೂಪವೇ ಎಂಬುದನ್ನು ಮರೆತು ದಿನವೂ ಡಬ್ಬಿಗೆ ಹಾಕುವಂಥದಲ್ಲ; ಅದು ಬಾಣಂತಿಗೂ ಅತಿಥಿಗೂ ಇರಲಿ.

ನಿಜವಾದ ಅರ್ಥದಲ್ಲಿ ಸುಲಭವೆನಿಸುವ ಅಡುಗೆಗಳು ಪ್ರಸಿದ್ಧಿಯ ನೆರಳಿನಲ್ಲಿವೆ. ಒಗ್ಗರಣೆಯಲ್ಲಿ ನೀರು ಕುದಿಸಿ ಕಡಲೆಹಿಟ್ಟು ತಿರುವಿ ಬೇಯಿಸುವ ಝುಣಕಕ್ಕೆ ಹೆಚ್ಚುವ, ಸೋಸುವ, ನೆನೆಸುವ ಗೋಜಿಲ್ಲ, ಮೊದಲ ಸಲ ಅಡುಗೆಮನೆಗೆ ಬಂದವರಿಗೂ ಅದು ಕೈಗೂಡುತ್ತದೆ. ಪೋಷಣೆಯ ದೃಷ್ಟಿಯಿಂದಲೂ ಅದು ರೊಟ್ಟಿಗೆ ತಕ್ಕ ಜೋಡಿ: ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಗತ್ಯ ಅಮೈನೋ ಆಮ್ಲ ಕಡಿಮೆ, ಬೇಳೆಕಾಳುಗಳಲ್ಲಿ ಅದು ಸಮೃದ್ಧ. ಮಡಕಿ, ಹೆಸರುಕಾಳುಗಳ ಮೊಳಕೆಯಲ್ಲಿ ಇನ್ನೊಂದು ಸೊಗಸಿದೆ. ರಾತ್ರಿ ನೆನೆಸಿ, ಮರುದಿನ ಬಟ್ಟೆಯಲ್ಲಿ ಕಟ್ಟಿಟ್ಟರೆ ಮುಂದಿನ ಕೆಲಸವನ್ನು ಕಾಳೇ ಮಾಡಿಕೊಳ್ಳುತ್ತದೆ, ಬೇಯುವ ಅವಧಿಯೂ ತಗ್ಗುತ್ತದೆ, ಖನಿಜಾಂಶವನ್ನು ಕಟ್ಟಿಹಾಕುವ ಫೈಟೇಟ್ ಎಂಬ ಸಂಯುಕ್ತವೂ ಇಳಿಯುತ್ತದೆ. ಕೂಡಿಟ್ಟ ದುಡಿಮೆಯ ಈ ಇಡೀ ವ್ಯವಸ್ಥೆಯಲ್ಲಿ ಮನುಷ್ಯರ ಬೆವರಿಲ್ಲದೆ ಮುಂಗಡವಾಗಿ ನಡೆಯುವ ಕೆಲಸ ಬಹುಶಃ ಇದೊಂದೇ. ಬಡಿಯಲು ಬಾರದವರಿಗೆ ತಾಲಿಪಟ್ಟಿಯಿದೆ: ಜೋಳ, ಕಡಲೆ, ಗೋಧಿಯ ಹಿಟ್ಟುಗಳಿಗೆ ಉಳ್ಳಾಗಡ್ಡಿ, ಕೊತ್ತಂಬರಿ, ಮೆಂತ್ಯಸೊಪ್ಪು ಬೆರೆಸಿ ಹಂಚಿನ ಮೇಲೆಯೇ ತಟ್ಟುವ ಅದು ಬಿರಿದರೂ ಯಾರೂ ನಗುವುದಿಲ್ಲ.

ಶಾಲೆಯ ಡಬ್ಬಿಯಲ್ಲಿ ಕಟಿ ರೊಟ್ಟಿ ಸೋಲುತ್ತದೆ ಎಂಬುದನ್ನು ಒಪ್ಪಬೇಕು. ಪುಡಿಯಾಗುವ, ಸದ್ದು ಮಾಡುವ, ಹತ್ತು ನಿಮಿಷದ ಬಿಡುವಿನಲ್ಲಿ ಅಗಿದು ಮುಗಿಯದ ಈ ರೊಟ್ಟಿಯ ಬದಲಿಗೆ ಚಪಾತಿಯ ಸುರುಳಿಯೂ ಪಾಕೀಟಿನ ನೂಡಲ್ಸೂ ಅಲ್ಲಿ ನೆಲೆಗೊಂಡಿವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳಕ್ಕೆ ಬಂದ ಕೀರ್ತಿ ಈ ಚಿಕ್ಕ ತೊಡಕನ್ನು ಬಿಡಿಸಲಿಲ್ಲ. ಆದರೆ ರೊಟ್ಟಿಯನ್ನು ಮುರಿದು, ನೀರು ಚಿಮುಕಿಸಿ ಮೆತ್ತಗೆ ಮಾಡಿ, ಉಳ್ಳಾಗಡ್ಡಿ ಶೇಂಗಾಗಳ ಒಗ್ಗರಣೆ ಕೊಟ್ಟು ಲಿಂಬೆ ಹಿಂಡುವ ಕ್ರಮ ಇಲ್ಲಿಯ ಮನೆಗಳಿಗೆ ಹೊಸದಲ್ಲ. ಉಳಿದ ರೊಟ್ಟಿಯನ್ನು ಖರ್ಚುಮಾಡುವ ಉಪಾಯವೆಂದು ಅದನ್ನು ಕೀಳುಗಳೆದದ್ದರಿಂದಲೇ ಅದು ಡಬ್ಬಿಗೆ ಏರಲಿಲ್ಲ. ಲಿಂಬೆಯ ಸಿ ಜೀವಸತ್ವ ಧಾನ್ಯದ ಕಬ್ಬಿಣಾಂಶವನ್ನು ಮೈಗೂಡಿಸಲು ನೆರವಾಗುವುದರಿಂದ ಸೂಸಲಕ್ಕಿಂತ ಇದೇ ಮೇಲು.

ರೊಟ್ಟಿ ಒತ್ತುವ ಯಂತ್ರಗಳು ಈಗ ಬಂದಿವೆ. ಅವುಗಳ ರೊಟ್ಟಿ ಗುಂಡಗಿರುತ್ತದೆ, ಆದರೆ ಬಡಿದ ರೊಟ್ಟಿಯಂತೆ ಪದರು ಬಿಡುವುದು ಅಪರೂಪ, ಅಂಚಿಗೂ ನಡುವಿಗೂ ಒಂದೇ ದಪ್ಪ. ರುಚಿಯ ಪಕ್ಷಪಾತಿಗಳು ಇದನ್ನು ಮುಂದಿಟ್ಟು ಯಂತ್ರವನ್ನು ತಳ್ಳಿಹಾಕುವಾಗ ಅವರ ಪೈಕಿ ಹೆಚ್ಚಿನವರು ಎಂದೂ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರಲ್ಲ ಎಂಬುದನ್ನೂ ಗಮನಿಸಬೇಕು. ಹಿಂಡಿಯ ಡಬ್ಬಿ, ರೊಟ್ಟಿಯ ಬುಟ್ಟಿಗಳ ದೊಡ್ಡ ಗುಣವೆಂದರೆ ಯಾರು ಯಾವಾಗ ಬಂದರೂ ತಾವೇ ತೆಗೆದುಕೊಂಡು ಉಣ್ಣಬಹುದು, ಬಡಿಸಲು ಹೆಂಗಸು ಕಾದಿರಬೇಕಿಲ್ಲ. ಅದೇ ಗುಣ ಉಣ್ಣುವವರನ್ನು ಮಾಡುವ ಕೆಲಸದಿಂದ ಪೂರ್ತಿ ಬಿಡುಗಡೆಗೊಳಿಸಿಯೂ ಇದೆ. ಶೇಂಗಾ ಹುರಿಯುವುದು, ಸಿಪ್ಪೆ ಕೇರುವುದು, ಮಿಕ್ಸರ್ ತಿರುವುವುದು ಈಗೀಗ ನವನಗರದ ಕೆಲವು ಮನೆಗಳಲ್ಲಿ ಗಂಡಸರ, ಮಕ್ಕಳ ಕೈಗೂ ಬಂದಿದೆ. ಎಸರು ಕಾಯಿಸಿ ಪರಾತದ ಮುಂದೆ ಕೂರುವ ಕೆಲಸಕ್ಕೆ ಅಂಥ ಪಾಲುದಾರರು ಇನ್ನೂ ವಿರಳ.